ಏರಿನಲ್ಲಿ ಬಡಿಯುತ್ತಿದ್ದ ಇಂಜಿನ್

ಇವತ್ತು ಸಂಡೂರಿನ ಏರಿನಲ್ಲಿ, ಮುಂದೆ ಹೋಗುತ್ತಿದ್ದ ಹಳೆಯ ಕಾರಿನ ಇಂಜಿನ್ ಟಕಟಕ ಬಡಿದುಕೊಳ್ಳುವುದು ಕೇಳಿ ಮೈಯೆಲ್ಲ ಉರಿದುಹೋಯಿತು. ಅಪ್ಪನ ಕಾರೂ ಹೀಗೆಯೇ ಬಡಿದುಕೊಳ್ಳುತ್ತಿತ್ತು.

ಭಾನುವಾರ ಬಂತೆಂದರೆ ಅಪ್ಪ ದೋಣಿಮಲೈ ಕ್ವಾರ್ಟರ್ಸ್ ಮುಂದೆ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ತಿರುವಿ, ಇಂಜಿನ್ನಿನೊಳಗೆ ಕಿಡಿ ಹಾರುವ ಟೈಮಿಂಗ್ ಇಡುತ್ತಿದ್ದ. ನಿಂತ ಕಾರಿನ ಸದ್ದು ಚುರುಕಾದರೆ ಸಾಕು, ಮೀಸೆಯ ಮೇಲೆ ಕೈ. ಹೊಸಪೇಟೆಗೆ ಹೋಗಿ ಮರಳುವಾಗ ಇದೇ ಏರಿನಲ್ಲಿ ಬಡಿತ ಶುರುವಾಗುತ್ತಿತ್ತು.

"ರೀ, ಬರೇ ಏರಿನ್ಯಾಗ ಬಡಿತೈತಿ. ಟೈಮಿಂಗ್ ಭಾಳ ಮುಂದ ಇಟ್ಟೀರಿ, ಒಂಚೂರು ಹಿಂದಕ್ಕ ತಿರುವ್ರಿ," ಎನ್ನುತ್ತಿದ್ದಳು ಅವ್ವ.

"ನಿನಗೇನ್ ತಿಳಿತೈತಿ? ಭಾರ ಹೆಚ್ಚಾಗೈತಿ. ಇಳೀರಿ ಎಲ್ಲಾರೂ," ಎನ್ನುತ್ತಿದ್ದ ಅಪ್ಪ.

ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಅವ್ವ, ಅವಳ ಸೆರಗು ಹಿಡಿದು ನಾನು, ಅದಿರಿನ ಲಾರಿಗಳ ಕೆಂಧೂಳು ಕುಡಿಯುತ್ತ ಏರು ಹತ್ತುತ್ತಿದ್ದೆವು. ಖಾಲಿ ಕಾರು ಬಡಿಯದೆ ಹತ್ತಿದ್ದೇ ಅಪ್ಪನಿಗೆ ಸಾಕ್ಷಿ. ಮೇಲೆ ನೆರಳಿನಲ್ಲಿ ನಿಂತು, "ನೋಡಿದಿ? ನಾ ಹೇಳಿದ್ದಿಲ್ಲೇನು?" ಎನ್ನುತ್ತಿದ್ದ. ಒಂದು ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ಹಿಂದಕ್ಕೆ ತಿರುವಲು ಆ ಮನುಷ್ಯನಿಗೆ ಕೊನೆಗೂ ಮನಸ್ಸು ಬರಲಿಲ್ಲ.

ಇವತ್ತು ಕಾರು ನನ್ನದು, ಓಡಿಸುತ್ತಿದ್ದವಳೂ ನಾನೇ. ಮುಂದಿನ ಕಾರಿನ ಬಡಿತ ಕೇಳಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ಅವ್ವನ ಕೈ ಬಾಗಿಲಿನ ಹಿಡಿಗೆ ಹೋಯಿತು.

"ನಿಲ್ಸವ್ವಾ, ನಾ ಇಳಿತೀನಿ," ಎಂದಳು.