ನೀಲಕ್ಕನ ಊರಿಗೆ ಬ್ಯಾಟರಿ ಸೈಕಲ್ಲು

ಪ್ರಭಾ ಅವರಿಗೆ ಬಸ್ಸು ಆಗುತ್ತಿರಲಿಲ್ಲ. ಹತ್ತಿದ ಹದಿನೈದು ನಿಮಿಷಕ್ಕೆ ಹೊಟ್ಟೆ ತೊಳಸಲು ಶುರು, ಇಪ್ಪತ್ತನೆಯ ನಿಮಿಷಕ್ಕೆ ಕಿಟಕಿಯಾಚೆ ತಲೆ. ಕಾರಾದರೂ ಅಷ್ಟೆ, ರೈಲಾದರೂ ಅಷ್ಟೆ. ನಿಂಬೆಹಣ್ಣು ಮೂಸಿ ನೋಡಿದರು, ಮಾತ್ರೆ ನುಂಗಿ ನೋಡಿದರು, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ನೋಡಿದರು. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಮದುವೆಯಾಗಿ ಬೆಂಗಳೂರಿನ ವಿಜಯನಗರಕ್ಕೆ ಬಂದ ಮೇಲೆ ಟೆಲಿಫೋನ್ ಇಲಾಖೆಯ ಕೆಲಸಕ್ಕೆ ಅವರು ಹೋಗಿಬಂದದ್ದೆಲ್ಲ ಲೇಡೀಸ್ ಸೈಕಲ್ಲಿನಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿನ್ನಿಪೇಟೆಯಲ್ಲಿ ಪಾಳಿ ಮುಗಿಸಿ ಬರುವ ಮಿಲ್ಲಿನವರ ಗುಂಪನ್ನು ಬೆಲ್ಲು ಬಾರಿಸಿ ಸರಿಸುತ್ತ, ಇಪ್ಪತ್ತೆರಡು ವರ್ಷ ತುಳಿದರು. ಮಂಡಿ ಸವೆದ ಮೇಲೆ ಅದೂ ನಿಂತಿತು.

ಆ ಕೆಲಸದಲ್ಲೇ ಅವರಿಗೆ ನೀಲಾಂಬಿಕಾ ಸಿಕ್ಕಿದ್ದು. ಆಗ ಪರ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು, ಎರಡೂ ಊರಿನ ಆಪರೇಟರುಗಳು ಸೇರಿ ಲೈನು ಜೋಡಿಸಬೇಕಿತ್ತು. ಬೆಂಗಳೂರಿನ ಬೋರ್ಡಿನ ಮುಂದೆ ಪ್ರಭಾ, ನಾಗಮಂಗಲದ ಬೋರ್ಡಿನ ಮುಂದೆ ನೀಲಾಂಬಿಕಾ. ದಿನಕ್ಕೆ ಹತ್ತಾರು ಸಲ ಒಬ್ಬರನ್ನೊಬ್ಬರು ಕರೆಯಬೇಕು, ಲೈನು ಸಿಗುವವರೆಗೆ ಕಾಯಬೇಕು. ಕಾಯುವಾಗ ಸುಮ್ಮನಿರುವುದು ಹೇಗೆ? ಊಟ ಆಯ್ತಾ ಎಂದು ಶುರುವಾದದ್ದು, ಅತ್ತೆಯ ಕಾಟ, ಮಕ್ಕಳ ಕೆಮ್ಮು, ಕೆಡದ ಹಾಗೆ ಹುಣಿಸೆ ತೊಕ್ಕು ಮಾಡುವ ಬಗೆ ಎಂದು ಬೆಳೆಯಿತು. ನಾಲ್ಕು ವರ್ಷ ಹಿರಿಯಳಾದ ನೀಲಾಂಬಿಕಾ ನೀಲಕ್ಕ ಆದಳು. ಟ್ರಂಕ್ ಬೋರ್ಡುಗಳು ಹೋದವು, ಇಬ್ಬರೂ ನಿವೃತ್ತರಾದರು, ಭಾನುವಾರ ಬೆಳಗ್ಗೆ ಹತ್ತು ಗಂಟೆಯ ಫೋನು ಮಾತ್ರ ತಪ್ಪಲಿಲ್ಲ.

ಇಷ್ಟಾದರೂ ಇಬ್ಬರೂ ಒಮ್ಮೆಯೂ ಭೇಟಿಯಾಗಿರಲಿಲ್ಲ. ಪ್ರಭಾಗೆ ಬಸ್ಸಿನ ಕಾಟ. ನೀಲಕ್ಕನಿಗೆ ಮೊದಲು ಹಾಸಿಗೆ ಹಿಡಿದ ಅತ್ತೆ, ಆಮೇಲೆ ಲಕ್ವ ಹೊಡೆದ ಗಂಡ. ಇಬ್ಬರೂ ತೀರಿಕೊಂಡ ಮೇಲೆ, ಊರು ಬಿಟ್ಟು ಹೊರಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ವಿಡಿಯೋ ಕಾಲ್ ಮಾಡೋಣ ಎಂದರೆ, "ಮುಖ ನೋಡ್ಕೊಂಡು ಮಾತಾಡಕ್ಕೆ ನಂಗೆ ಬರಲ್ಲ ಕಣೇ, ನಾಚಿಕೆಯಾಗುತ್ತೆ" ಎನ್ನುತ್ತಿದ್ದಳು.

ಹೋದ ದೀಪಾವಳಿಯ ಮರುವಾರ ನೀಲಕ್ಕ ಫೋನು ಎತ್ತಲಿಲ್ಲ. ಮುಂದಿನ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಕೊನೆಗೆ ನೀಲಕ್ಕನ ಸೊಸೆ ಸೌಮ್ಯಶ್ರೀಯಿಂದ ಮೆಸೇಜು ಬಂತು. 'ಅತ್ತೆಗೆ ಎರಡೂ ಕಿವಿ ಕೇಳಿಸ್ತಿಲ್ಲ ಆಂಟಿ. ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟರು. ಮಿಷನ್ ಹಾಕಿದ್ರೆ ತಲೆ ಸಿಡಿಯುತ್ತೆ ಅಂತ ತೆಗೆದಿಟ್ಟಿದಾರೆ. ಫೋನ್ ರಿಂಗ್ ಆಗಿ ಬೆಳಕು ಬಂದ್ರೆ ಎದ್ದು ಒಳಗೆ ಹೋಗಿಬಿಡ್ತಾರೆ.'

ಪ್ರಭಾ ಅದನ್ನು ಎರಡು ಸಲ ಓದಿ ಗಂಡನ ಕೈಗೆ ಕೊಟ್ಟರು. ಗೋಪೀನಾಥ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ವಯಸ್ಸು ಎಪ್ಪತ್ತು, ಕಣ್ಣಿನ ಆಪರೇಷನ್ ಆದ ಮೇಲೆ ಸ್ಕೂಟರನ್ನು ಮಾರಿದ್ದರು. ಓದಿ, ಕನ್ನಡಕ ತೆಗೆದು, "ಅಯ್ಯೋ ಪಾಪ" ಎಂದರು.

"ನಾನು ಹೋಗಿಬರ್ತೀನಿ ರೀ."

"ನಾಗಮಂಗಲಕ್ಕಾ? ಹೇಗೆ ಹೋಗ್ತೀಯಾ? ಕಾಮಾಕ್ಷಿಪಾಳ್ಯ ದಾಟೋದ್ರೊಳಗೆ ವಾಂತಿ ಮಾಡ್ಕೋತೀಯಾ."

"ಸೈಕಲ್ಲಲ್ಲಿ."

ಗೋಪೀನಾಥ ನಕ್ಕರು. ಪ್ರಭಾ ನಗಲಿಲ್ಲ. ಅರವತ್ತೈದರ ಹೆಂಡತಿ ನಗದಿರುವುದನ್ನು ಕಂಡು ಅವರ ನಗು ಅಲ್ಲಿಗೇ ನಿಂತಿತು.

ಅತ್ತಿಗುಪ್ಪೆಯ ಮೆಟ್ರೋ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಗಿರಿರಾಜ್ ಎಂಬಾತನ ಸೈಕಲ್ ಅಂಗಡಿ. ಇಬ್ಬರೂ ಅಲ್ಲಿಗೆ ಹೋದರು. ಬ್ಯಾಟರಿ ಸೈಕಲ್ಲು ಎಂದರೆ ಪೆಡಲ್ ತುಳಿದಾಗ ಮೋಟಾರು ಹಿಂದಿನಿಂದ ಒಂದು ಕೈ ಕೊಟ್ಟ ಹಾಗೆ ತಳ್ಳುತ್ತದೆ, ಬಲಗೈಯ ಹಿಡಿ ತಿರುವಿದರೆ ತುಳಿಯದೆಯೂ ಓಡುತ್ತದೆ ಎಂದು ಅವನು ವಿವರಿಸಿದ. ಪ್ರಭಾ ಅಂಗಡಿಯ ಮುಂದಿನ ರಸ್ತೆಯಲ್ಲೇ ಒಂದು ಸುತ್ತು ಹೊಡೆದರು. ಏರಿನಲ್ಲಿ ಮಂಡಿ ಒಂದು ಮಾತೂ ಆಡಲಿಲ್ಲ. ಎಷ್ಟೋ ವರ್ಷದ ಮೇಲೆ ಮುಖಕ್ಕೆ ಗಾಳಿ ಹೊಡೆದು ಅವರ ಕಣ್ಣಲ್ಲಿ ನೀರು ಬಂತು.

"ಒಂದ್ಸಲ ಚಾರ್ಜ್ ಮಾಡಿದ್ರೆ ಅರವತ್ತು ಕಿಲೋಮೀಟರ್ ಮೇಡಂ, ಪಕ್ಕಾ" ಎಂದ ಗಿರಿರಾಜ್.

"ಯಾರು ಕೂತು ನೋಡಿದ್ದು? ಎಷ್ಟು ತೂಕದವರು? ಏರು ಎಷ್ಟಿತ್ತು?" ಎಂದು ಗೋಪೀನಾಥ ಕೇಳಿದರು.

ಗಿರಿರಾಜ್ ತಲೆ ಕೆರೆದುಕೊಂಡ. "ಸಾರ್, ನಿಜ ಹೇಳ್ಬೇಕು ಅಂದ್ರೆ ನಲವತ್ತು ಅಂತ ಇಟ್ಕೊಳ್ಳಿ. ಮಾಗಡಿ ರೋಡಲ್ಲಿ ಆದ್ರೆ ಇನ್ನೂ ಸ್ವಲ್ಪ ಕಮ್ಮಿ."

ಸೈಕಲ್ಲು ಮನೆಗೆ ಬಂದ ಮೇಲೆ ತಯಾರಿ ಶುರುವಾಯಿತು. ಮೊದಲ ವಾರ ಬೆಳಗ್ಗೆ ಆರಕ್ಕೆ ಎದ್ದು ಬಡಾವಣೆಯೊಳಗೇ ಸುತ್ತಿದರು. ಎರಡನೆಯ ವಾರ ಕೆಂಗೇರಿಗೆ ಹೋಗಿ ಬಂದರು. ವಾಪಸು ಬಂದಾಗಲೂ ಬ್ಯಾಟರಿಯಲ್ಲಿ ಅರ್ಧ ಉಳಿದಿತ್ತು. ಅದರಿಂದ ಪ್ರಭಾಗೆ ಸ್ವಲ್ಪ ಹೆಚ್ಚೇ ಧೈರ್ಯ ಬಂತು. ಮೂರನೆಯ ವಾರ ಪ್ರಯಾಣದ ದಿನದಂತೆಯೇ ಕ್ಯಾರಿಯರಿನ ಎರಡೂ ಬದಿಯ ಚೀಲಗಳಿಗೆ ಬಟ್ಟೆ, ನೀರು, ಚಾರ್ಜರು, ಪಂಪು, ಒಂದು ಹೊಸ ಟ್ಯೂಬು, ನೀಲಕ್ಕನಿಗೆಂದು ತಂದ ಸೀರೆ ಎಲ್ಲವನ್ನೂ ತುಂಬಿ, ಉಲ್ಲಾಳದ ಮೇಲೆ ಹಳ್ಳಿಗಳ ಕಡೆ ಹೊರಟರು. ಎದುರುಗಾಳಿ ಇತ್ತು. ತುಳಿಯಲು ಬೇಜಾರಾಗಿ ಹಿಡಿ ತಿರುವಿಯೇ ಹೆಚ್ಚು ದೂರ ಹೋದರು. ವಾಪಸು ಬರುವಾಗ ಉಲ್ಲಾಳದ ಹತ್ತಿರ ಮೋಟಾರು ಒಮ್ಮೆ ಮುಲುಗಿ ಸುಮ್ಮನಾಯಿತು.

ಮೋಟಾರಿಲ್ಲದ ಬ್ಯಾಟರಿ ಸೈಕಲ್ಲು ಕಲ್ಲು ತುಂಬಿದ ಗಾಡಿಯ ಹಾಗೆ. ಅರ್ಧ ಕಿಲೋಮೀಟರು ತುಳಿಯುವಷ್ಟರಲ್ಲಿ ಮಂಡಿ ಚುರುಗುಟ್ಟಿತು. ಇಳಿದು ತಳ್ಳಿದರು. ಬಸ್ ಸ್ಟಾಪಿನಲ್ಲಿ ನಿಂತಿದ್ದವರೆಲ್ಲ ನೋಡುತ್ತಿದ್ದರು. ಗಂಡನಿಗೆ ಫೋನು ಮಾಡಲೇ ಎಂದು ಒಮ್ಮೆ ಅನ್ನಿಸಿತು. ಮಾಡಿದರೆ ನಾಗಮಂಗಲದ ಕಥೆ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡು, ರಸ್ತೆ ಬದಿಯ ಒಂದು ಟೈಲರ್ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿದರು. ಒಳಗೆ ಒಬ್ಬ ಹೆಂಗಸು ರವಿಕೆಗೆ ಹುಕ್ಕು ಹಾಕುತ್ತಿದ್ದಳು.

"ಏನಮ್ಮಾ, ಒಂದು ಗಂಟೆ ನಿಮ್ಮ ಪ್ಲಗ್ ಪಾಯಿಂಟ್ ಕೊಡ್ತೀರಾ? ಚಾರ್ಜರ್ ನನ್ಹತ್ರ ಇದೆ."

ಹೆಂಗಸು ಸೈಕಲ್ಲನ್ನೂ ಇವರನ್ನೂ ನೋಡಿ, ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು ಜಾಗ ಮಾಡಿಕೊಟ್ಟಳು. ಸ್ಟೂಲು ಹಾಕಿದಳು. ಎಲ್ಲಿಗೆ ಹೋಗ್ತೀರಾ ಆಂಟಿ ಎಂದಳು. ಪ್ರಭಾ ನೀಲಕ್ಕನ ಕಥೆ ಹೇಳಿದರು. ಕಥೆ ಮುಗಿಯುವ ಹೊತ್ತಿಗೆ ಎರಡು ಟೀ ಆಗಿತ್ತು, ಮನೆ ಮುಟ್ಟುವಷ್ಟು ಚಾರ್ಜೂ ಆಗಿತ್ತು.

ಅವತ್ತು ಸಂಜೆ ಪ್ರಭಾ ಊಟದ ಮೇಜಿನ ಮೇಲೆ ನಕ್ಷೆ ಹರಡಿದರು. ತಾವರೆಕೆರೆ, ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ. ದಾರಿ ನೂರಹತ್ತು ಕಿಲೋಮೀಟರಿನ ಮೇಲೆ, ಎರಡು ದಿನ. ಮೂವತ್ತು ಮೂವತ್ತೈದಕ್ಕೆ ಒಂದು ಪ್ಲಗ್ ಪಾಯಿಂಟು ಬೇಕು, ನಾಲ್ಕು ಗಂಟೆ ಕೂರುವ ಜಾಗ ಬೇಕು. ಮರುದಿನ ಬೆಳಗ್ಗೆಯಿಂದ ಫೋನು ಹಿಡಿದು ಕೂತರು. ತಾವರೆಕೆರೆಯ ಹೋಟೆಲಿನವನು ಮೊದಲು ಇಲ್ಲ ಎಂದ. "ನೋಡಪ್ಪಾ, ಸ್ವಲ್ಪ ಲೈನಲ್ಲೇ ಇರು" ಎಂದು ಶುರುಮಾಡಿದವರು ಅವನು ಹೂಂ ಎನ್ನುವವರೆಗೂ ಬಿಡಲಿಲ್ಲ. ಹುಲಿಯೂರುದುರ್ಗದ ಹಿಟ್ಟಿನ ಗಿರಣಿಯವನ ನಂಬರನ್ನು ಅಲ್ಲಿನ ಔಷಧಿ ಅಂಗಡಿಯವನಿಂದ ಪಡೆದರು. ಔಷಧಿ ಅಂಗಡಿಯವನ ನಂಬರನ್ನು ಮಾಗಡಿಯ ಲಾಡ್ಜಿನವನಿಂದ. ಗೋಪೀನಾಥ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹೆಂಡತಿ ತನ್ನ ಆಪರೇಟರ್ ಕೆಲಸ ಮಾಡುವುದನ್ನು ಇಷ್ಟು ವರ್ಷದಲ್ಲಿ ಅವರು ನೋಡಿಯೇ ಇರಲಿಲ್ಲ.

ನೀಲಕ್ಕನ ಜೊತೆ ಮಾತಾಡುವುದು ಹೇಗೆ ಎಂಬುದೂ ಒಂದು ತಯಾರಿಯೇ ಆಯಿತು. ದನಿ ಇಲ್ಲದೆ ತುಟಿ ಮಾತ್ರ ನಿಧಾನವಾಗಿ ಆಡಿಸಿ ಹೇಳಿದರೆ ತಿಳಿದೀತು ಎಂದು ಪ್ರಭಾ ಗಂಡನ ಮುಂದೆ ಅಭ್ಯಾಸ ಮಾಡಿದರು.

"ಈಗ ಏನಂದೆ ಹೇಳಿ ನೋಡೋಣ?"

"ಹಾಲು ಉಕ್ಕಿತು."

"ರೀ! 'ನಾನು ಪ್ರಭಾ' ಅಂದಿದ್ದು."

ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಆದರೆ ಹೊರಡುವ ದಿನ ಹತ್ತಿರವಾದಂತೆ ಗೋಪೀನಾಥರ ಮಾತು ಕಡಿಮೆಯಾಯಿತು. ಕಾಗದದ ಮೇಲೆ ಏರು ಎಷ್ಟು, ಇಳಿಜಾರು ಎಷ್ಟು, ತೂಕ ಎಷ್ಟು ಎಂದು ಲೆಕ್ಕ ಹಾಕುವುದು, ಹೊಡೆದು ಹಾಕುವುದು. ಎರಡು ದಿನ ಮೊದಲು ಅವರು ಹೇಳಿದರು: "ನಾನೂ ಬರ್ತೀನಿ."

"ಎಲ್ಲಿ ಕೂರಿಸ್ಕೊಳ್ಳಲಿ ನಿಮ್ಮನ್ನ? ಕ್ಯಾರಿಯರ್ ಮೇಲಾ?"

"ಬಸ್ಸಲ್ಲಿ ಕಣೇ. ನಾನು ಮುಂದೆ ಹೋಗಿರ್ತೀನಿ. ನಿನ್ನ ಬಟ್ಟೆಬರೆ ಎಲ್ಲ ನನ್ನ ಚೀಲದಲ್ಲಿ. ಸೈಕಲ್ಲಿನ ಮೇಲೆ ಏಳು ಕಿಲೋ ಕಮ್ಮಿ ಆಗುತ್ತೆ. ಅಂದ್ರೆ ಪ್ರತಿ ಚಾರ್ಜಿಗೂ ಒಂದೆರಡು ಕಿಲೋಮೀಟರ್ ಜಾಸ್ತಿ."

ಪ್ರಭಾಗೆ ಮೊದಲು ಸಿಟ್ಟು ಬಂತು. ಕಾವಲಿಗೆ ಬರುತ್ತಿದ್ದಾರೆ ಅನ್ನಿಸಿತು. "ದಾರಿಯಲ್ಲಿ ಹತ್ತು ನಿಮಿಷಕ್ಕೊಂದ್ಸಲ ಫೋನ್ ಮಾಡಿದ್ರೆ ನಾನು ಎತ್ತಲ್ಲ" ಎಂದರು.

"ಮಾಡಲ್ಲ."

"ಲೇಟಾದ್ರೆ ಹುಡುಕ್ಕೊಂಡು ವಾಪಸ್ ಬರೋ ಹಾಗಿಲ್ಲ."

ಗೋಪೀನಾಥ ಲೆಕ್ಕದ ಕಾಗದವನ್ನು ಮಡಚಿದರು. "ಒಂದು ಗಂಟೆ ಕಾಯ್ತೀನಿ. ಆಮೇಲೆ ನನ್ನಿಷ್ಟ" ಎಂದರು. ಅಲ್ಲಿಗೆ ರಾಜಿಯಾಯಿತು.

ಫೆಬ್ರವರಿಯ ಒಂದು ಬುಧವಾರ ಬೆಳಗ್ಗೆ ಇಬ್ಬರೂ ಒಟ್ಟಿಗೆ ಮನೆಗೆ ಬೀಗ ಹಾಕಿ ಹೊರಟರು. ಗೋಪೀನಾಥ ಬಸ್ ಸ್ಟಾಪಿನ ಕಡೆ, ಪ್ರಭಾ ಚೂಡಿದಾರ, ಹೆಲ್ಮೆಟ್ಟು ತೊಟ್ಟು ಮಾಗಡಿ ರೋಡಿನ ಕಡೆ. ಸುಂಕದಕಟ್ಟೆ ದಾಟುವವರೆಗೆ ಲಾರಿ, ಹೊಗೆ, ಹಾರ್ನು. ಅದರಾಚೆ ರಸ್ತೆಗೆ ಉಸಿರು ಬಂತು. ತಾವರೆಕೆರೆಯ ಹೋಟೆಲಿನ ಮುಂದೆ ಗೋಪೀನಾಥ ಪ್ಲಗ್ ಪಾಯಿಂಟಿನ ಪಕ್ಕದ ಮೇಜನ್ನೇ ಹಿಡಿದು ಕೂತಿದ್ದರು. ಬೇರೆ ಯಾರೋ ಮೊಬೈಲ್ ಸಿಕ್ಕಿಸಲು ಬಂದರೆ, "ಇದು ರಿಸರ್ವ್ ಆಗಿದೆ ಸಾರ್, ನಮ್ಮನೆಯವರು ಬರ್ತಿದಾರೆ" ಎಂದು ಕಳಿಸಿದ್ದರಂತೆ. ಆ ಇರುಳು ಮಾಗಡಿಯ ಲಾಡ್ಜಿನಲ್ಲಿ ಹೆಂಡತಿಯ ಮಂಡಿಗೆ ಎಣ್ಣೆ ತಿಕ್ಕಿದರು. ಮರುದಿನ ಹುಲಿಯೂರುದುರ್ಗದ ಹತ್ತಿರ ಹಿಂದಿನ ಟೈರು ಪಂಕ್ಚರಾಗಿ ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಯಿತು. ಪ್ರಭಾ ತಾವೇ ಟ್ಯೂಬು ಬದಲಿಸಿ, ಕೈಯೆಲ್ಲ ಕಪ್ಪು ಮಾಡಿಕೊಂಡು ಬರುವಾಗ, ಊರಿನ ಹೊರಗೆ ಅರ್ಧ ಮೈಲಿಯಲ್ಲಿ ಗೋಪೀನಾಥ ಬಿಸಿಲಲ್ಲಿ ನಡೆದು ಬರುತ್ತಿದ್ದರು. ಅವರು ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟರು.

ಸಂಜೆ ಐದೂವರೆಗೆ ಪ್ರಭಾ ನಾಗಮಂಗಲದ ಆ ಬೀದಿಗೆ ತಿರುಗಿದರು. ಸೌಮ್ಯಶ್ರೀ, ಮೊದಲೇ ಬಸ್ಸಿನಲ್ಲಿ ಬಂದಿದ್ದ ಗೋಪೀನಾಥರ ಜೊತೆ ಗೇಟಿನಲ್ಲಿ ಕಾಯುತ್ತಿದ್ದಳು. ಅತ್ತೆಗೆ ಅವಳು ಏನೂ ಹೇಳಿರಲಿಲ್ಲ. ಜಗಲಿಯ ಮೇಲೆ ಎತ್ತರದ, ಬೆಳ್ಳನೆಯ ತಲೆಗೂದಲಿನ ಹೆಂಗಸೊಬ್ಬರು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಪ್ರಭಾ ಸೈಕಲ್ಲು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಎದುರು ನಿಂತರು. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು.

ನೀಲಕ್ಕ ಸೈಕಲ್ಲನ್ನೂ ಅವರನ್ನೂ ದಿಟ್ಟಿಸಿ ನೋಡಿದಳು. ಮೊರ ಪಕ್ಕಕ್ಕಿಟ್ಟಳು.

"ಪ್ರಭಾ ಅಲ್ವೇನೇ ನೀನು? ಇಷ್ಟು ಕುಳ್ಳಿ ಅಂತ ನಂಗೊತ್ತೇ ಇರ್ಲಿಲ್ವಲ್ಲೇ!"

ಅದೇ ದನಿ. ಕಿವಿ ಹೋಗಿದ್ದರೂ ದನಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಪ್ರಭಾ ಜಗಲಿಯ ಮೇಲೆ ಕುಸಿದು ಕೂತು ಅತ್ತರು. ನೀಲಕ್ಕ ಅವರ ಕಪ್ಪು ಹತ್ತಿದ ಕೈಯನ್ನು ತನ್ನ ಸೆರಗಿನಲ್ಲಿ ಒರೆಸುತ್ತ, ಕಿವಿ ಹೋದ ದಿನದಿಂದ ಹಿಡಿದು ಮೊನ್ನೆ ಕರು ಹಾಕಿದ ಪಕ್ಕದ ಮನೆಯ ಹಸುವಿನವರೆಗೆ, ನಾಲ್ಕು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಹೇಳತೊಡಗಿದಳು. ಪ್ರಭಾ ಉತ್ತರವನ್ನು ಅವಳ ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆದರು. ಮೊದಲು ತಪ್ಪು ಓದಿದಳು, ಆಮೇಲೆ ಬರೆದು ಮುಗಿಸುವ ಮೊದಲೇ ಊಹಿಸತೊಡಗಿದಳು.

ಎರಡು ದಿನಕ್ಕೆಂದು ಹೋದವರು ಐದು ದಿನ ಉಳಿದರು. ವಾಪಸು ಬರುವಾಗ ಮಾಗಡಿಯಲ್ಲಿ, ಬ್ಯಾಟರಿ ತುಂಬುವವರೆಗೆ ಕಾಯುತ್ತ ಕೂತಾಗ ಗೋಪೀನಾಥ ಕೇಳಿದರು: "ಐದು ದಿನ ಅಷ್ಟೊಂದು ಏನು ಮಾತಾಡಿದ್ರೇ ನೀವಿಬ್ಬರೂ?"

"ಏನಿಲ್ಲ ರೀ, ಬರೀ ಮನೆ ವಿಷಯ" ಎಂದು ಪ್ರಭಾ ಇನ್ನೊಂದು ಕಾಫಿ ಹೇಳಿದರು.