ಶಾರದಕ್ಕನ ಹಿಮದ ಹುಳಗಳು

ಬೆಳಿಗ್ಗೆ ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಕೂತಿದ್ದ ಮಂಜನ್ನು ಚಮಚದಿಂದ ಕೆರೆಯುತ್ತಿದ್ದೆ. ಬೆರಳು ಜೋಮು ಹಿಡಿದಾಗ ವಡೋದರದ ಶಾರದಕ್ಕ ನೆನಪಾದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬ್ಯಾಂಕಿನವರು ನನ್ನನ್ನು ಅಲ್ಲಿಗೆ ವರ್ಗ ಮಾಡಿದ್ದರು. ಎದುರು ಮನೆಯ ಶಾರದಕ್ಕ ಉಡುಪಿ ಕಡೆಯವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಆ ಬೇಸಿಗೆ ರಜೆಯಲ್ಲಿ ಹಿಮಾಲಯ ಹತ್ತಿ ಬಂದವರು ಫ್ಲಾಸ್ಕಿನ ಐಸಿನ ನಡುವೆ ಪುಟ್ಟ ಸೀಸೆಯೊಂದನ್ನು ಇಟ್ಟುಕೊಂಡು ಬಂದಿದ್ದರು. ಒಳಗೆ ಮೂರು ಕಪ್ಪು ಹುಳ. ಸೊಳ್ಳೆಯ ದೂರದ ನೆಂಟರಂತೆ. ಆದರೆ ಹಾರಲು ರೆಕ್ಕೆಯಿಲ್ಲ, ಹಿಮದ ಮೇಲೆ ನಡೆದೇ ಬಾಳುತ್ತವಂತೆ. ಸೀಸೆಯನ್ನು ತಮ್ಮ ಫ್ರಿಜ್ಜಿನಲ್ಲಿಟ್ಟಿದ್ದರು. ಹುಳವೆಂದರೆ ಚಪ್ಪಲಿ ಹುಡುಕುವ ನಾನು ಕೂಡ ದಿನಾ ಹೋಗಿ ನೋಡುತ್ತಿದ್ದೆ.

ಕಾಲೇಜು ತೆರೆಯುವ ಮುಂಚೆ ಶಾರದಕ್ಕ ಒಂದು ದಿನದ ಮಟ್ಟಿಗೆ ಸೂರತ್ತಿನ ತಂಗಿಯ ಮನೆಗೆ ಹೊರಟರು. ಕೀಲಿಕೈ ಕೊಟ್ಟು, "ಕರೆಂಟ್ ಹೋದ್ರೆ ಐಸ್ ಹಾಕು ಮಾರಾಯ್ತಿ. ಮಕ್ಕಳಿಗೆ ತೋರಿಸ್ಬೇಕು" ಎಂದರು.

ಮಧ್ಯಾಹ್ನ ಕರೆಂಟ್ ಹೋಯಿತು. ಸೀಸೆಯನ್ನು ಫ್ಲಾಸ್ಕಿಗೆ ಹಾಕಿಕೊಂಡು ಮೂಲೆಯ ಉಡುಪಿ ಹೋಟೆಲಿಗೆ ಓಡಿದೆ. "ಹುಳಕ್ಕೆ ಐಸಾ? ಮೆಲ್ಲಗೆ ಹೇಳಿ, ಗಿರಾಕಿಗಳಿದ್ದಾರೆ!" ಎಂದ ಭಟ್ಟರು ಫ್ಲಾಸ್ಕಿನ ತುಂಬ ಐಸ್ ಕೊಟ್ಟರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಮನೆಗೆ ಬಂದು, ಹತ್ತಿರದಿಂದ ನೋಡುವ ಆಸೆಗೆ ಒಂದನ್ನು ಅಂಗೈಗೆ ಬಿಟ್ಟುಕೊಂಡೆ. ನಾಲ್ಕು ಹೆಜ್ಜೆ ನಡೆಯಿತು, ತಡವರಿಸಿತು, ಕಾಲು ಮಡಚಿತು. ಬೇಗನೆ ಐಸಿನ ಬಳಿ ಇಟ್ಟೆ. ಏಳಲಿಲ್ಲ.

ಮರುದಿನ ಬಂದು ಫ್ಲಾಸ್ಕಿನೊಳಗೆ ಇಣುಕಿದ ಶಾರದಕ್ಕನಿಗೆ, "ಕರೆಂಟ್ ಹೋಗಿತ್ತು, ಒಂದು ಸತ್ತೋಯ್ತು" ಎಂದಷ್ಟೇ ಹೇಳಿದೆ. ಅವರು ಹುಳಗಳ ಟಿಪ್ಪಣಿ ಪುಸ್ತಕ ತೆಗೆದು ಅದನ್ನೇ ಬರೆಯತೊಡಗಿದರು. ಆ ಪೆನ್ನು ಓಡುವುದನ್ನು ನೋಡಲಾಗಲಿಲ್ಲ.

"ಬರೀಬೇಡಿ ಶಾರದಕ್ಕ. ನನ್ನ ಕೈಮೇಲೆ ಸತ್ತಿದ್ದು. ನಾನೇ ಹೊರಗೆ ತೆಗ್ದೆ."

ಬೈಯುತ್ತಾರೆಂದು ಕಾದೆ. ಅವರು ನನ್ನ ಅಂಗೈಯನ್ನು ಹಿಡಿದು ನೋಡಿದರು. "ನಮ್ಮ ಮೈಬಿಸಿಯೇ ಅದಕ್ಕೆ ಬೆಂಕಿ. ನಾನಾದ್ರೂ ನಿಂಗೆ ಹೇಳ್ಬೇಕಿತ್ತು. ಇನ್ನೆರಡು ಉಂಟಲ್ಲ, ಬಿಡು" ಎಂದು ಬರೆದದ್ದನ್ನು ಹೊಡೆದುಹಾಕಿದರು.

ಆ ಎರಡು ಏನಾದವೆಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಇವತ್ತು ಫೋನ್ ಮಾಡಿ ಕೇಳಿದೆ.

"ನೀನು ಫ್ಲಾಸ್ಕಲ್ಲಿ ಇಟ್ಟಿದ್ದೆಯಲ್ಲ, ಅಲ್ಲೇ ಸತ್ತಿದ್ದವು ಮಾರಾಯ್ತಿ, ನಾನು ಬರುವಾಗಲೇ. ಅಳುಮೋರೆ ಹಾಕ್ಕೊಂಡು ನಿಂತಿದ್ದಿ, ಹೇಗೆ ಹೇಳ್ಲಿ? ಅವನ್ನು ಅಲ್ಲಿಂದ ತಂದದ್ದೇ ನನ್ನ ತಪ್ಪು."

ನಾನು ನಿಜ ಹೇಳಿ ಹಗುರಾದ ದಿನವೇ ಅವರು ನನಗಾಗಿ ಒಂದು ಸುಳ್ಳು ಹೊತ್ತುಕೊಂಡಿದ್ದರು. ಊಟವಾಯಿತೇ ಎಂದು ಕೇಳಿದೆ.