ಅಬ್ದುಲಸಾಬರು ಹೊಲಿದ ಸೀಟು

ಗಂಗಾವತಿಯ ಅಕ್ಕಿ ಗಿರಣಿಯೊಂದರ ಹಿತ್ತಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತುಕ್ಕು ಹಿಡಿದ ಹಳೆಯ ವಿಲಾಯತಿ ಕಾರಿನೊಳಗೆ ಮೊಣಕಾಲೂರಿ ಕೂತ ರಾಜಾಬೀ, ಸೀಟಿನ ಸ್ಕ್ರೂಗಳಿಗೆ ಹನಿಹನಿಯಾಗಿ ಸೀಮೆಎಣ್ಣೆ ಬಿಡುತ್ತಿದ್ದಾರೆ. ಗಿರಣಿ ಮಾಲೀಕ ಬಾಲಪ್ಪನವರಿಗೆ ಈ ಕಾರನ್ನು ಮತ್ತೆ ಓಡಿಸುವ ಆಸೆ ಹುಟ್ಟಿದೆ. ತಗಡು ಬಡಿಯುವವರು ಬರುವ ಮೊದಲು ಒಳಗಿನದೆಲ್ಲ ಬಿಚ್ಚಿ ತೆಗೆಯಬೇಕು.

"ಜುಲುಮಿ ಮಾಡಿದ್ರ ಸ್ಕ್ರೂ ಮುರಿತಾವ್ರಿ. ತುಕ್ಕಿನ ಕೂಡ ಜಗಳ ಆಡಬಾರದು, ರಮಿಸಬೇಕು," ಎಂದು ನೋಡಲು ಬಂದ ನಮಗೆ ಹೇಳುತ್ತಾರೆ ರಾಜಾಬೀ.

ಮಾಲೀಕರು ಎದುರಿಗೆ ಕೂರದೆ ಇವರು ಯಾವ ಸೀಟನ್ನೂ ಬಿಚ್ಚುವುದಿಲ್ಲ. ಹಾಗಾಗಿ ಊರಿಗೇ ದೊಡ್ಡವರಾದ ಬಾಲಪ್ಪನವರು ಆಕಳಿಸುತ್ತ ಸ್ಟೂಲಿನ ಮೇಲೆ ಕೂತಿದ್ದಾರೆ.

ಈ ಕಟ್ಟಳೆ ಹುಟ್ಟಿದ್ದೇ ಇದೇ ಕಾರಿನಿಂದ. ಎಪ್ಪತ್ತೆರಡನೇ ಇಸವಿಯಲ್ಲಿ ಬಾಲಪ್ಪನವರ ತಾಯಿ ಮುದಕಮ್ಮ ಅಳವಂಡಿಯ ಮದುವೆಗೆ ಹೋಗಿ ಬಂದರು. ಮರುದಿನ ಕಾರು ಸೀಟು ಹೊಲಿಸಲು ರಾಜಾಬೀಯ ಗಂಡ ಅಬ್ದುಲಸಾಬರ ಅಂಗಡಿಗೆ ಹೋಯಿತು. ಆಮೇಲೆ ನೋಡಿದರೆ ಮುದಕಮ್ಮನ ಕಿವಿಯ ಬಂಗಾರದ ಬುಗುಡಿ ಒಂದು ಇಲ್ಲ! ಯಾರೂ ಫಿರ್ಯಾದಿ ಕೊಡಲಿಲ್ಲ. ಬಸ್ ನಿಲ್ದಾಣದ ಚಾದಂಗಡಿಯಲ್ಲಿ ಬಾಲಪ್ಪ, "ಸೀಟು ಹೊಲಿದವ್ರನ್ನ ಕೇಳಬೇಕು" ಎಂದರಷ್ಟೆ. ಅಷ್ಟೇ ಸಾಕಾಯಿತು. ಊರಿನ ಗಾಡಿಗಳು ಆ ಅಂಗಡಿಯ ಕಡೆ ಬರುವುದನ್ನೇ ಬಿಟ್ಟವು. ಆ ಮಾತು ಹೊತ್ತುಕೊಂಡೇ ಅಬ್ದುಲಸಾಬರು ತೀರಿಹೋದರು.

ಗಂಡನ ಜೊತೆ ಕೂತು ಕಲಿತ ಕೆಲಸವೇ ರಾಜಾಬೀಯ ಕೈ ಹಿಡಿಯಿತು. ಕುಷ್ಟಗಿ, ಯಲಬುರ್ಗಾದ ಟ್ಯಾಕ್ಸಿಯವರು ಬಂದರು. ಗಂಗಾವತಿಯವರು ಬರಲು ವರ್ಷಗಳೇ ಹಿಡಿದವು. ಬಾಲಪ್ಪನವರಂತೂ ಆ ಸಂಗತಿಯನ್ನೇ ಮರೆತಿದ್ದರು.

"ಅವ್ರು ಮರತಾರ, ನಾ ಮರತಿಲ್ರಿ. ಈ ಗಾಡಿ ಬಿಚ್ಚಾಕ ಕರದಾಗ ಎದಿ ಧಸಕ್ ಅಂತು," ಎಂದು ನಮ್ಮ ಕಡೆ ಬಾಗಿ ಮೆಲ್ಲಗೆ ಹೇಳುತ್ತಾರೆ ರಾಜಾಬೀ.

ಸೀಟು ಹೊರಗೆ ಬರುತ್ತದೆ. ರಾಜಾಬೀ ಸ್ಪ್ರಿಂಗುಗಳ ನಡುವಿನ ನಾರನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಏನೂ ಇಲ್ಲ. ಕಾಲಡಿಯ ಚಾಪೆ ಎತ್ತಿದರೆ ತಗಡು ಹಪ್ಪಳದಂತೆ ಪುಡಿಯಾಗುತ್ತದೆ. ಅಲ್ಲಿಯೂ ಇಲ್ಲ. ಉಳಿದದ್ದು ಹಿಂಬಾಗಿಲಿನ ಒಳಹಲಗೆ. ಕಿಟಕಿಗಾಜಿನ ಸಂದಿಯಲ್ಲಿ ಜಾರಿದ್ದು ಬಂದು ಸೇರುವ, ಸೀಟು ಹೊಲಿಯುವವರು ಮುಟ್ಟದ ಜಾಗ ಅದು. ಹಲಗೆ ಮೀಟಿ ಎಬ್ಬಿಸಿದ್ದೇ ತಡ, ಧೂಳಿನ ಜೊತೆ ಏನೋ ಠಣ್ಣೆಂದು ಬೀಳುತ್ತದೆ.

ಬುಗುಡಿ! ಬಾಲಪ್ಪ ಅದನ್ನು ಧೋತರಕ್ಕೆ ಒರೆಸಿ ಬೆಳಕಿಗೆ ಹಿಡಿಯುತ್ತಾರೆ.

"ನಮ್ಮವ್ವಂದು... ಏನ್ ಬೇಕು ಕೇಳು, ರಾಜಾಬೀ."

"ನನಗೇನೂ ಬ್ಯಾಡ್ರಿ ಧಣ್ಯಾರ. ಅವತ್ತು ಚಾದಂಗಡ್ಯಾಗ ಅಂದ್ರಲ್ಲ, ಇದನ್ನೂ ಅಲ್ಲೇ ಹೋಗಿ ಹೇಳ್ರಿ. ಮಂದಿಗೆ ಕೇಳುವಂಗ."

ಬಾಲಪ್ಪ ಎದ್ದವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ರಾಜಾಬೀ ನೋಡುತ್ತಾರೆ. ಆಮೇಲೆ ಸೀಟಿನ ಹಳೆಯ ಹೊದಿಕೆಯನ್ನು ಝಾಡಿಸಿ, ಮಗುಚಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಮಗೆ ತೋರಿಸುತ್ತಾರೆ.

"ರೆಕ್ಸಿನ್ ಸವದು ಹೋಗೇತ್ರಿ. ನಮ್ಮವ್ರು ಹಾಕಿದ ಹೊಲಿಗಿ ಒಂದರ ಬಿಟ್ಟೈತೇನು, ನೋಡ್ರಿ."